ಇಸ್ತ್ರಿ ಅಂಗಡಿಯ ಪರದೆ

"ಅಜ್ಜಾ, ಸಾಕು. ಎಲ್ಲರೂ ಎದ್ದು ಹೋದ್ರು," ಎಂದು ಮೊಮ್ಮಗಳು ಗಡಿಬಿಡಿ, ಅಜ್ಜನ ತೋಳು ಹಿಡಿದು ಎಳೆದಳು.

ಅಜ್ಜ ಮಾತ್ರ ನಿಂತಲ್ಲೇ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಒಬ್ಬನೇ ನಟ ಹದಿಮೂರು ಜನರ ಪಾರ್ಟು ಮಾಡಿದ ನಾಟಕ ಅದು. ಅವನು ಆಗಲೇ ಅಂಟಿಸಿದ ಮೀಸೆ ಕಿತ್ತು ಜೇಬಿಗೆ ಹಾಕಿಕೊಂಡಿದ್ದ. ಚಪ್ಪಾಳೆ ನಿಲ್ಲದಿರುವುದನ್ನು ಕಂಡು, ನಾಚಿಕೊಂಡು ಮತ್ತೊಮ್ಮೆ ತಲೆ ಬಾಗಿಸಿದ.

"ಹದಿಮೂರು ಜನಕ್ಕೂ ತಟ್ಟಬೇಡವಾ? ಇನ್ನೂ ಒಂಬತ್ತನೆಯವನಿಗೆ ಬಂದಿದೀನಿ," ಎಂದರು ಅಜ್ಜ.

ಗಡಿಬಿಡಿ ಎನ್ನುವುದು ಆ ಹುಡುಗಿಗೆ ಮನೆಯವರು ಇಟ್ಟ ಹೆಸರು. ಹಲ್ಲುಜ್ಜುತ್ತಲೇ ಶೂ ಹಾಕಿಕೊಳ್ಳುವವಳಿಗೆ ಇನ್ನೇನು ಹೆಸರಿಟ್ಟಾರು? ಅಜ್ಜನದು ಬೇರೆಯೇ ರೀತಿ. ಮೂವತ್ತು ವರ್ಷ ಶಾಲೆಯಲ್ಲಿ ಗಂಟೆ ಹೊಡೆದವರು ಅವರು. ರಿಟೈರ್ ಆದ ದಿನ ಬಿಚ್ಚಿಟ್ಟ ವಾಚನ್ನು ಮತ್ತೆ ಕಟ್ಟಲೇ ಇಲ್ಲ. ಆ ವಾಚು ಈಗ ಮೊಮ್ಮಗಳ ಕೈಯಲ್ಲಿತ್ತು. ಬೆಲ್ಟಿಗೆ ಸೂಜಿಯಿಂದ ಎರಡು ತೂತು ಹೆಚ್ಚಿಗೆ ಮಾಡಿಕೊಟ್ಟಿದ್ದರೂ ಅದು ಮೊಣಕೈವರೆಗೆ ಜಾರುತ್ತಿತ್ತು.

ವರ್ಷಕ್ಕೊಮ್ಮೆ ಮೂರು ದಿನ ಆ ಬೀದಿಗಳಲ್ಲಿ ಸಣ್ಣ ನಾಟಕಗಳ ಉತ್ಸವ. ದೊಡ್ಡ ಥಿಯೇಟರ್ ಇದ್ದದ್ದು ಒಂದೇ. ಉಳಿದವರು ಜಾಗ ಸಿಕ್ಕಲ್ಲಿ ಆಡಬೇಕು. ಲೈಬ್ರರಿಯಲ್ಲಿ ಒಂದು, ಸಲೂನಿನಲ್ಲಿ ಒಂದು, ಸೈಕಲ್ ಶಾಪಿನಲ್ಲಿ ಇನ್ನೊಂದು. ಬಾಗಿಲಲ್ಲಿ ಒಳಗೆ ಹೋಗುವಾಗ ಮಕ್ಕಳ ಕಾರ್ಡಿಗೆ ಒಂದು ಸೀಲು ಹಾಕುತ್ತಿದ್ದರು. ಒಂದೇ ದಿನದಲ್ಲಿ ಏಳು ಸೀಲು ಆದವರಿಗೆ, ಉತ್ಸವ ಮುಗಿಯುವ ಸಂಜೆ ದೊಡ್ಡ ಥಿಯೇಟರಿನ ಕೆಂಪು ವೆಲ್ವೆಟ್ ಪರದೆ ಎಳೆಯುವ ಚಾನ್ಸ್.

ಗಡಿಬಿಡಿ ಎರಡು ವಾರದಿಂದ ಮನೆಯಲ್ಲಿದ್ದ ಪರದೆಗಳನ್ನೆಲ್ಲ ಎಳೆದು ಪ್ರಾಕ್ಟೀಸ್ ಮಾಡಿದ್ದಳು. ಬಚ್ಚಲುಮನೆಯ ಪರದೆ ಕೋಲಿನ ಸಮೇತ ಕಿತ್ತು ಬಂದಿತ್ತು. ಇವತ್ತು ಉತ್ಸವದ ಕೊನೆಯ ದಿನ. ಬೆಳಗ್ಗಿನಿಂದ ಐದು ಸೀಲು ಆಗಿದ್ದವು. ಲೈಬ್ರರಿಯಲ್ಲಿ ಬೊಂಬೆ ಕುದುರೆಯ ತಲೆ ಕಳಚಿ ಬಿದ್ದು, ಬಿದ್ದಲ್ಲಿಂದಲೇ ಡೈಲಾಗ್ ಹೇಳಿತ್ತು. ಸಲೂನಿನಲ್ಲಿ ಮಾತೇ ಇಲ್ಲದ ನಾಟಕ. ಅಲ್ಲಿ ಸದ್ದು ಮಾಡಿದವರು ಅಜ್ಜ ಒಬ್ಬರೇ, ಬಿದ್ದುಬಿದ್ದು ನಕ್ಕು. ಮಧ್ಯಾಹ್ನದ ಬನ್ನನ್ನು ಗಡಿಬಿಡಿ ಓಡುತ್ತಲೇ ತಿಂದಿದ್ದಳು. ಅಜ್ಜ ಮೆಟ್ಟಿಲ ಮೇಲೆ ಕೂತು, ಕಣ್ಣು ಮುಚ್ಚಿ ದೇವರನ್ನು ನೆನೆದು, ಆಮೇಲೆ ಒಂದೊಂದೇ ಚೂರು ಮುರಿದು ತಿಂದಿದ್ದರು.

ಆರನೆಯ ನಾಟಕ ನಾಲ್ಕು ಗಂಟೆಗೆ, ಇಸ್ತ್ರಿ ಅಂಗಡಿಯಲ್ಲಿ. ಏಳನೆಯದು ಐದಕ್ಕೆ, ದೊಡ್ಡ ಥಿಯೇಟರಿನಲ್ಲಿ. ಅಲ್ಲಿ ಐದು ಹೊಡೆದ ಮೇಲೆ ಬಾಗಿಲು ತೆರೆಯುವುದಿಲ್ಲ. ಗಡಿಬಿಡಿ ಒಂದು ಪ್ಲಾನ್ ಮಾಡಿದ್ದಳು. ಸೀಲು ಹೇಗೂ ಬಾಗಿಲಲ್ಲೇ ಸಿಗುತ್ತದೆ. ಬಾಗಿಲ ಪಕ್ಕದಲ್ಲೇ ಕೂತು, ಟೈಮ್ ಆದ ಕೂಡಲೇ ಮೆಲ್ಲಗೆ ಜಾರಿಕೊಂಡರಾಯಿತು. ಇದನ್ನು ಅಜ್ಜನಿಗೆ ಹೇಳಿರಲಿಲ್ಲ.

ಇಸ್ತ್ರಿ ಅಂಗಡಿಯಲ್ಲಿ ಬಿಸಿ ಬಟ್ಟೆಯ ವಾಸನೆ. ಹತ್ತು ಕುರ್ಚಿ ಹಾಕಿದ್ದರು, ಕೂತಿದ್ದವರು ಒಬ್ಬರೇ. ಅವರೂ ಶರ್ಟು ತೆಗೆದುಕೊಂಡು ಹೋಗಲು ಬಂದವರು. ಶರ್ಟು ರೆಡಿಯಾಗಿಲ್ಲವೆಂದು ಮುಂದಿನ ಸಾಲಿನಲ್ಲಿ ಕಾಯುತ್ತಿದ್ದರು. ಬಟ್ಟೆ ಒಣಹಾಕುವ ತಂತಿಗೆ ಹೂವಿನ ಬೆಡ್‌ಶೀಟೊಂದನ್ನು ಬಳೆ ಹಾಕಿ ತೂಗುಬಿಟ್ಟಿದ್ದರು. ಪರದೆ ಅದೇ.

ಇನ್ನೂ ಯಾರಾದರೂ ಬಂದಾರೆಂದು ಕಾದು ಕಾದು ನಾಲ್ಕೂ ಇಪ್ಪತ್ತಾಯಿತು. ಗಡಿಬಿಡಿಯ ಕಾಲು ತಾನಾಗಿ ಕುಣಿಯತೊಡಗಿತು. ಆಗ ಬೆಡ್‌ಶೀಟಿನ ಹಿಂದಿನಿಂದ ಇಬ್ಬರು ಹೆಂಗಸರು ಬಂದರು. ಅಕ್ಕ ಸ್ಕೂಲ್ ವ್ಯಾನ್ ಓಡಿಸುವವಳು, ತಂಗಿ ಆಸ್ಪತ್ರೆಯಲ್ಲಿ ನರ್ಸ್. ಇಬ್ಬರೇ ಸೇರಿ ಕಟ್ಟಿದ ನಾಟಕ.

"ನಮ್ದೊಂದು ರೂಲ್ ಇದೆ," ಎಂದಳು ಅಕ್ಕ. "ಆಡೋರಿಗಿಂತ ನೋಡೋರು ಕಡಿಮೆ ಆದ್ರೆ ಆಟ ನಿಲ್ಲಿಸಿಬಿಡ್ತೀವಿ. ಮೊನ್ನೆ ಅರ್ಧಕ್ಕೆ ನಿಂತಿತು, ನಿನ್ನೇನೂ ಅರ್ಧಕ್ಕೆ ನಿಂತಿತು. ಕೊನೆ ಹೇಗಿದೆ ಅಂತ ನಮಗೇ ಮರೆತುಹೋಗಿದೆ."

ಅಜ್ಜ ನಕ್ಕರು. ಪರದೆ ಎಳೆಯಲು ಮೂರನೆಯವರು ಇಲ್ಲವೆಂದು ತಂಗಿ ಶರ್ಟಿನವರನ್ನು ಕೇಳಿಕೊಂಡಳು. ಕೊನೆಗೆ ಇಬ್ಬರೂ ಕಲ್ಲಿನ ಹಾಗೆ ನಿಂತುಬಿಡುತ್ತಾರೆ, ತಕ್ಷಣ ಹಗ್ಗ ಎಳೆಯಬೇಕು, ತಡವಾದರೆ ಮಜಾ ಹೋಯಿತು. ಅವರು ಆಗಲಿ ಎಂದು ತಲೆಯಾಡಿಸಿದರು.

ನಾಟಕ ಶುರುವಾಯಿತು. ಇಬ್ಬರು ಕೂಲಿಗಳು ದೊಡ್ಡದೊಂದು ಪೆಟ್ಟಿಗೆ ಹೊತ್ತು ಯಾವುದೋ ಮನೆಗೆ ಹೊರಟಿದ್ದಾರೆ. ಒಳಗೆ ಏನಿದೆಯೋ ಇಬ್ಬರಿಗೂ ಗೊತ್ತಿಲ್ಲ. ಪಿಯಾನೋ ಎನ್ನುತ್ತಾನೆ ಒಬ್ಬ. ನಿದ್ದೆ ಮಾಡುತ್ತಿರುವ ಆನೆಮರಿ ಎನ್ನುತ್ತಾನೆ ಇನ್ನೊಬ್ಬ, ಅದಕ್ಕೆ ಎಚ್ಚರವಾಗದಿರಲೆಂದು ಪಿಸುಮಾತಿನಲ್ಲಿ ಜಗಳವಾಡುತ್ತಾನೆ. ಗಡಿಬಿಡಿಗೂ ನಗು ಬಂತು. ನಗುತ್ತಲೇ ವಾಚು ನೋಡಿಕೊಂಡಳು.

ಅಷ್ಟರಲ್ಲಿ ಇಸ್ತ್ರಿಯವನು ಮೂಲೆಯಿಂದ ಕೈಸನ್ನೆ ಮಾಡಿದ. ಶರ್ಟು ರೆಡಿ. ಶರ್ಟಿನವರು ತುದಿಗಾಲಲ್ಲಿ ಎದ್ದು, ಹ್ಯಾಂಗರನ್ನು ಬಾವುಟದಂತೆ ಮೇಲಕ್ಕೆತ್ತಿಕೊಂಡು ಹೊರಟೇಹೋದರು. ಇಸ್ತ್ರಿಯವನು ಬಟ್ಟೆಯ ಗಂಟು ಹೊತ್ತು ಮನೆ ಮನೆಗೆ ಕೊಡಲು ಹೋದ.

ಈಗ ಆಡುವವರು ಇಬ್ಬರು, ನೋಡುವವರು ಇಬ್ಬರು.

ಗಡಿಬಿಡಿ ಅಜ್ಜನ ಕಿವಿಯಲ್ಲಿ, "ನಾಲ್ಕೂ ನಲವತ್ತು," ಎಂದಳು. ಪ್ಲಾನನ್ನೂ ಹೇಳಿದಳು.

ಅಜ್ಜ ವೇದಿಕೆಯಿಂದ ಕಣ್ಣು ತೆಗೆಯಲಿಲ್ಲ. "ವಾಚು ನಿನ್ನ ಕೈಲಿದೆಯಲ್ಲಮ್ಮ. ನೀನು ಏಳು ಅಂದ್ರೆ ಏಳ್ತೀನಿ."

ಬೈದಿದ್ದರೆ ವಾಸಿಯಿತ್ತು. ಅವಳು ಅರ್ಧ ಎದ್ದಳು. ಕುರ್ಚಿ ಕಿರ್ ಎಂದಿತು. ಪೆಟ್ಟಿಗೆ ಹೊತ್ತಿದ್ದ ಅಕ್ಕ ಮಾತು ನಿಲ್ಲಿಸದೆ, ಕಣ್ಣಂಚಿನಲ್ಲಿ ಮಾತ್ರ ಆ ಕಡೆ ನೋಡಿದಳು. ಆ ನೋಟ ಗಡಿಬಿಡಿಗೆ ಚೆನ್ನಾಗಿ ಗೊತ್ತಿತ್ತು. ಸ್ಕೂಲ್ ಡೇ ದಿನ ಪದ್ಯ ಹೇಳುವಾಗ, ಅಮ್ಮ ಇನ್ನೂ ಕೂತಿದ್ದಾಳಾ ಎಂದು ಅವಳೂ ಹಾಗೇ ನೋಡಿದ್ದಳು.

ಗಡಿಬಿಡಿ ಪೂರ್ತಿ ಎದ್ದಳು. ನೆಟ್ಟಗೆ ನಡೆದು ಮುಂದಿನ ಸಾಲಿಗೆ ಹೋಗಿ, ಶರ್ಟಿನವರ ಕುರ್ಚಿಯಲ್ಲಿ ಕೂತಳು.

ಅಲ್ಲಿಂದ ಎಲ್ಲವೂ ದೊಡ್ಡದಾಗಿ ಕಾಣಿಸಿತು. ಹಣೆಯ ಬೆವರು, ತಂಗಿಯ ಒಂದು ಕಾಲುಚೀಲದ ತೂತು. ಕೂಲಿಗಳು ಕೊನೆಗೂ ಆ ಮನೆ ತಲುಪಿದರು. ಬಾಗಿಲಿಗೆ ಬೀಗ. ಪೆಟ್ಟಿಗೆಯ ಮೇಲೆಯೇ ಕೂತು, ಒಂದು ಬನ್ನನ್ನು ಇಬ್ಬರೂ ಹಂಚಿಕೊಂಡು ತಿಂದರು.

ಟಕ್, ಟಕ್.

ಪೆಟ್ಟಿಗೆಯ ಒಳಗಿನಿಂದ ಯಾರೋ ಬಡಿದ ಸದ್ದು. ಇಬ್ಬರೂ ಬನ್ನು ಬಾಯಲ್ಲಿಟ್ಟುಕೊಂಡೇ ಎದ್ದು ಕಲ್ಲಾದರು.

ಹಗ್ಗ! ಗಡಿಬಿಡಿ ಒಂದೇ ನೆಗೆತಕ್ಕೆ ಮೂಲೆಗೆ ಹೋಗಿ ಎಳೆದಳು. ಬೆಡ್‌ಶೀಟು ಝರ್ರನೆ ತಂತಿಯ ಮೇಲೆ ಓಡಿ, ಹೂವುಗಳೆಲ್ಲ ಒಟ್ಟಿಗೆ ಅಲುಗಾಡಿ ನಿಂತವು. ಏನೂ ಕಿತ್ತು ಬರಲಿಲ್ಲ.

ಹಗ್ಗ ಹಿಡಿದು ನಿಂತ ಜಾಗದಿಂದ ಪರದೆಯ ಹಿಂಭಾಗವೂ ಕಾಣುತ್ತಿತ್ತು. ಅಕ್ಕ, ತಂಗಿ ಒಬ್ಬರ ಕೈ ಒಬ್ಬರು ಹಿಡಿದು ಸದ್ದಿಲ್ಲದೆ ಕುಣಿಯುತ್ತಿದ್ದರು. ತಂಗಿ ಗಡಿಬಿಡಿಯನ್ನು ಕಂಡು, ತುಟಿಯ ಮೇಲೆ ಬೆರಳಿಟ್ಟು, ತನ್ನ ಹಿಮ್ಮಡಿಯಿಂದ ಪೆಟ್ಟಿಗೆಗೆ ಎರಡು ಸಲ ಒದ್ದು ತೋರಿಸಿದಳು. ಟಕ್, ಟಕ್. ಆ ಗುಟ್ಟು ಈಗ ಲೋಕದಲ್ಲಿ ಮೂವರಿಗೆ ಮಾತ್ರ ಗೊತ್ತು.

ಪರದೆಯ ಆಚೆ ಅಜ್ಜನ ಚಪ್ಪಾಳೆ ಶುರುವಾಗಿತ್ತು. ಹತ್ತು ಕುರ್ಚಿಗಳ ನಡುವೆ ಎರಡೇ ಕೈಗಳ ಸದ್ದು.

ಗಡಿಬಿಡಿ ಈಚೆ ಬಂದಳು. ವಾಚು ಮೊಣಕೈವರೆಗೆ ಜಾರಿ ಹೋಗಿತ್ತು. ಅದನ್ನು ಸರಿಮಾಡಿಕೊಳ್ಳಲಿಲ್ಲ.

"ಪೆಟ್ಟಿಗೆಯಲ್ಲಿ ಏನಿತ್ತಂತೆ?" ಎಂದು ಅಜ್ಜ ಚಪ್ಪಾಳೆಯ ನಡುವೆಯೇ ಕೇಳಿದರು.

"ಹೇಳಲ್ಲ," ಎಂದಳು ಗಡಿಬಿಡಿ. "ನೀನು ತಟ್ಟು ಅಜ್ಜ, ಇನ್ನೂ ಇಬ್ಬರೂ ಹೊರಗೆ ಬಂದಿಲ್ಲ." ಅಜ್ಜನ ಪಕ್ಕದಲ್ಲಿ ನಿಂತು ಅವಳೂ ತಟ್ಟತೊಡಗಿದಳು.