ಕಾರು ಕಾಣದ ಕನ್ನಡಿ

ಕಟ್ಟಡದ ನೆಲಮಾಳಿಗೆಯಲ್ಲಿ ಕೀಲಿ ಇಡುವ ಕೋಣೆಯೊಂದಿತ್ತು. ಕಿಟಕಿಯಿಲ್ಲ, ಫ್ಯಾನಿಲ್ಲ. ಉದ್ದಣ್ಣನನ್ನು ಅದರೊಳಗೆ ಕೂಡಿಹಾಕಿ ಹೊರಗಿನಿಂದ ಚಿಲಕ ಜಡಿದು ಎರಡು ಗಂಟೆಯಾಗಿತ್ತು. ಆರಡಿ ಮೀರಿದ ಆಸಾಮಿ. ಕಾಲು ಚಾಚಿದರೆ ಗೋಡೆ, ತಲೆಯೆತ್ತಿದರೆ ಪೈಪು. ನಿವಾಸಿಗಳ ಸಂಘದ ಕಾರಿಗೆ ಅವನೇ ಡ್ರೈವರು. ಆ ಕಾರು ಬೆಳಿಗ್ಗೆ ಹಿಂದಕ್ಕೆ ಬರುವಾಗ ಕಾವಲು ತಾತನನ್ನು ಕೆಡವಿತ್ತು. ತಾತ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ. ಓಡಿಸಿದವರನ್ನು ಯಾರೂ ಕಂಡಿರಲಿಲ್ಲ, ಆದರೆ ಡ್ರೈವರ್ ಸೀಟು ಪೂರ್ತಿ ಹಿಂದಕ್ಕೆ ಸರಿದಿತ್ತು. ಅಷ್ಟು ಸಾಕಾಯಿತು ಜನಕ್ಕೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

"ಕೀಲಿ ಮೊಳೆಗೆ ನೇತುಹಾಕಿ ಟೀ ಕುಡಿಯೋಕೆ ಹೋಗಿದ್ದೆ ಸಾರ್," ಎಂದು ಅವನು ವಿಚಾರಣೆಗೆ ಬಂದ ಪೊಲೀಸ್ ಇನ್ಸ್‌ಪೆಕ್ಟರಿಗೆ ಹತ್ತು ಸಲ ಹೇಳಿದ್ದ. ಇವತ್ತು ಸಂಜೆಗೆ ತಾನು ಜೈಲಿನಲ್ಲೇ ಎಂದುಕೊಂಡ.

ಚಿಲಕ ತೆಗೆದದ್ದು ಟೀಚರಮ್ಮ. ಸಂಘದ ಕಾರ್ಯದರ್ಶಿಯ ತಾಯಿ. ನಲವತ್ತು ವರ್ಷ ಊರಿಗೆಲ್ಲ ಡ್ರೈವಿಂಗ್ ಕಲಿಸಿದವರು. ಕಟ್ಟಡದಲ್ಲಿ ಚಪ್ಪಲಿ ಕಳೆದರೂ ಜನ ಆಕೆಯ ಬಾಗಿಲು ಬಡಿಯುತ್ತಿದ್ದರು, ಚಪ್ಪಲಿ ಸಿಗುತ್ತಲೂ ಇತ್ತು.

"ಬಾರಪ್ಪ, ಕಾರಲ್ಲಿ ಕೂತ್ಕೋ. ಏನೂ ಮುಟ್ಬೇಡ. ಪಕ್ಕದ ಕನ್ನಡೀಲಿ ಏನ್ ಕಾಣುತ್ತೆ?"

"ಬರೀ ನೆಲ ಕಾಣುತ್ತಮ್ಮ. ನಮ್ಮ ಕಾರು ಒಂಚೂರೂ ಕಾಣ್ತಿಲ್ಲ."

"ನೀನು ಹೇಗಿಟ್ಕೋತೀಯ?"

"ಹಿಂದಿನ ಬಾಗಿಲ ಹಿಡಿ ಕಾಣೋ ಹಾಗೆ. ಕಾರೇ ಕಾಣದಿದ್ರೆ ದಿಕ್ಕು ತಪ್ಪಿದ ಹಾಗಾಗುತ್ತೆ."

"ಕನ್ನಡಿ ಇರೋದು ನಿನ್ನ ಕಾರಿನ ಅಂದ ನೋಡೋಕಲ್ಲ ಕಣೋ," ಎಂದರು ಆಕೆ, ಆದರೆ ನಗಲಿಲ್ಲ. ಹಿಂದಿನ ಸೀಟಿನತ್ತ ಬೆರಳು ತೋರಿಸಿದರು. ಪ್ಲಾಸ್ಟಿಕ್ ಕುರ್ಚಿಗಳನ್ನು ಚಾವಣಿಯವರೆಗೆ ಪೇರಿಸಿಟ್ಟಿದ್ದರು. "ಇವು?"

"ನಾನು ಕಾರು ಬಿಟ್ಟಾಗ ಇರಲಿಲ್ಲಮ್ಮ."

ಆಕೆ ಅವನನ್ನು ಇಳಿಸಿ, ಸೀಟು ಮುಂದಕ್ಕೆಳೆದು ತಾವೇ ಕೂತರು. ಗಿಡ್ಡ ಮೈಕಟ್ಟು. ತಲೆಯನ್ನು ಕಿಟಕಿ ಗಾಜಿಗೆ ಆನಿಸಿ ಕನ್ನಡಿ ನೋಡಿದರು. ಮುಖ ಬಿಳಿಚಿಕೊಂಡಿತು. ಇಳಿದವರೇ ಅಲ್ಲೇ ನಿಂತಿದ್ದ ಇನ್ಸ್‌ಪೆಕ್ಟರಿಗೆ, "ಎಲ್ಲರನ್ನೂ ಕರೀರಿ," ಎಂದರು.

ಕಾರಿನ ಪಕ್ಕದ ಕಂಬದ ಸುತ್ತ ಜನ ಸೇರಿದರು.

"ಉದ್ದಣ್ಣನ ಕಣ್ಣಿಗೆ ಈ ಕನ್ನಡಿ ನೆಲ ತೋರಿಸುತ್ತೆ. ನನ್ನಂಥ ಗಿಡ್ಡರಿಗೆ ಹಿಂದಿನ ದಾರಿ ತೋರಿಸುತ್ತೆ. ಅಂದ್ರೆ ಓಡಿಸಿದವರು ಗಿಡ್ಡ. ಸೀಟನ್ನ ಆಮೇಲೆ ಹಿಂದಕ್ಕೆ ತಳ್ಳಿದಾರೆ."

"ಗಿಡ್ಡರು ಬೇಕಾದಷ್ಟು ಜನ ಇದಾರಲ್ಲ?" ಎಂದರು ಇನ್ಸ್‌ಪೆಕ್ಟರು.

"ತಲೆನ ಗಾಜಿಗೆ ಆನಿಸಿ, ಸ್ವಂತ ಕಾರಿನ ಅಂಚು ಮರೆಯಾಗೋವರೆಗೆ ಕನ್ನಡಿ ಹೊರಗೆ ತಿರುಗಿಸಿದಾರೆ. ಪಕ್ಕದಲ್ಲಿ ಬರೋ ಗಾಡಿ ಕಣ್ಣು ತಪ್ಪಿಸಬಾರದು ಅಂತ. ಒಳ್ಳೇ ಅಭ್ಯಾಸವೇ. ಆದ್ರೆ ಆಗ ನೇರ ಹಿಂದೆ ಇರೋದನ್ನ ಒಳಗಿನ ಕನ್ನಡೀನೇ ತೋರಿಸಬೇಕು. ಅದಕ್ಕೆ ಕುರ್ಚಿ ಅಡ್ಡ. ಪಾಪ ತಾತ, ಯಾವ ಕನ್ನಡೀಲೂ ಕಾಣಲಿಲ್ಲ." ಆಕೆ ಕಾರಿನ ಬಾಗಿಲು ಮುಚ್ಚಿದರು. "ಹೀಗೆ ಕಲಿಸೋದು ನಾನು. ಈ ಕಟ್ಟಡದಲ್ಲಿ ನನ್ನ ಹತ್ತಿರ ಕಲಿತವನು ಒಬ್ಬನೇ. ಇವತ್ತಿನ ಸಭೆಗೆ ಕುರ್ಚಿ ತರ್ತೀನಿ ಅಂದವನೂ ಅವನೇ."

ಎಲ್ಲರ ಕಣ್ಣು ಕಾರ್ಯದರ್ಶಿಯ ಮೇಲೆ ಬಿತ್ತು.

"ಅಮ್ಮಾ! ಏನ್ ಮಾತಾಡ್ತಿದೀಯ? ಕನ್ನಡಿ ಒಂದು ಸಾಕ್ಷೀನಾ? ನಾನೇ ಆಗಿದ್ರೆ ಅದನ್ನೂ ತಿರುಗಿಸ್ತಿರಲಿಲ್ವಾ?"

"ಸೀಟು ನೆನಪಾಯ್ತು, ಕನ್ನಡಿ ನೆನಪಾಗಲಿಲ್ಲ. ಯಾಕೆ ಗೊತ್ತಾ ಮಗಾ? ನನ್ನ ಹತ್ತಿರ ಕಲಿತಾಗಿನಿಂದ ನೀನು ನೋಡಿರೋ ಕನ್ನಡಿ ಎಲ್ಲಾ ಹೀಗೇ ಇವೆ. ಬೇರೆ ಥರ ಇಟ್ಕೋತಾರೆ ಅಂತಲೇ ನಿಂಗೆ ಗೊತ್ತಿಲ್ಲ."

ಅವನು ಕಂಬಕ್ಕೊರಗಿ ಕುಸಿದ. "ಬೇಕಂತ ಗುದ್ದಲಿಲ್ಲಮ್ಮ. ಹೆದರಿಬಿಟ್ಟೆ."

"ಗುದ್ದಿದ್ದು ಬೇಕಂತ ಅಲ್ಲ, ನಂಬ್ತೀನಿ. ಸೀಟು ತಳ್ಳಿದ್ದು?"

ಇನ್ಸ್‌ಪೆಕ್ಟರು ಅವನನ್ನು ಎಬ್ಬಿಸಿ ಕರೆದೊಯ್ದರು. ಜನ ಮುಖ ತಪ್ಪಿಸಿಕೊಂಡು ಒಬ್ಬೊಬ್ಬರೇ ಕರಗಿದರು. ಬೆಳಿಗ್ಗೆ ಚಿಲಕ ಹಾಕಿದವರು ಎಲ್ಲರಿಗಿಂತ ಮೊದಲು ಮೆಟ್ಟಿಲು ಹತ್ತಿದರು.

ಬದುಕಿದೆಯಾ ಬಡಜೀವವೇ ಎಂದು ಉದ್ದಣ್ಣ ಒಂದೇ ಉಸಿರಿಗೆ ಹೊರಗೋಡಬೇಕಿತ್ತು. ಆದರೆ ತಿರುಗಿ ನೋಡಿದ. ಟೀಚರಮ್ಮ ಲಿಫ್ಟಿನ ಬಾಗಿಲಲ್ಲೇ ನಿಂತಿದ್ದರು, ಗುಂಡಿ ಒತ್ತದೆ.

"ಉದ್ದಣ್ಣ, ಮನೆವರೆಗೂ ನನ್ನ ಕೈ ಹಿಡ್ಕೊಂಡು ಬರ್ತೀಯಾ?" ಎಂದರು. "ಸೊಸೆಗೆ ನಾನೇ ಹೇಳ್ಬೇಕು."