ಟೆನ್ಷನ್ ಬಿಲ್ಲೆಗೆ ಎಣ್ಣೆ ಬೇಡ

"ಮೌನಿ ಕೆಲಸ ಬಿಡ್ತಾನಂತೆ ಕಣೇ," ಎಂದು ಚಿಕ್ಕಪ್ಪ ಹೇಳಿದಾಗ ನಾನು ಬ್ಲಾಗಿನ ಕಮೆಂಟೊಂದಕ್ಕೆ ಉತ್ತರ ಟೈಪ್ ಮಾಡುತ್ತಿದ್ದೆ. ಬೆರಳು ಅಲ್ಲೇ ನಿಂತುಬಿಟ್ಟಿತು.

"ಯಾವಾಗ?"

"ತಿಂಗಳ ಕೊನೆಗೆ. ಬೇರೆ ಅಂಗಡಿಯವರಿಗೆ ಒಪ್ಕೊಂಡಿದಾನಂತೆ. ಯಾಕೋ ಅಂದ್ರೆ ಗೋಡೆ ನೋಡ್ತಾನೆ. ನೀನಾದ್ರೂ ಕೇಳೇ ಮಾರಾಯ್ತಿ, ಅವನಿಲ್ದೆ ನಾನು ಶಟರ್ ಎಳ್ಕೊಂಡು ಮನೇಲಿ ಕೂರಬೇಕಷ್ಟೆ."

ಚಿಕ್ಕಪ್ಪನಿಗೆ ಅಂಗಡಿಯ ಚಿಂತೆ. ನನಗೆ ಬೇರೆಯದೇ ಚಿಂತೆ.

ನಮ್ಮದು ಹೊಲಿಗೆ ಮೆಷಿನ್ ರಿಪೇರಿ ಅಂಗಡಿ. ಮುಂದೆ ಕೌಂಟರ್, ಅದರ ಪಕ್ಕ ನನ್ನ ಲ್ಯಾಪ್‌ಟಾಪ್. ಹಿಂದಿನ ಕೋಣೆಯಲ್ಲಿ ಮೆಕ್ಯಾನಿಕ್‌ನ ಬೆಂಚು. ನಡುವೆ ಗಾಜಿನ ಕಿಟಕಿ. ಮೂರು ವರ್ಷದ ಹಿಂದೆ ಚಿಕ್ಕಪ್ಪ "ಅಂಗಡಿಗೊಂದು ಬ್ಲಾಗ್ ಮಾಡೇ, ಸುಮ್ನೆ ಕೂತಿರ್ತೀಯ" ಎಂದರು. 'ಗ್ರಾಹಕರ ತೃಪ್ತಿಯೇ ನಮ್ಮ ಗುರಿ' ಎಂದೆಲ್ಲ ನಾಲ್ಕು ಪೋಸ್ಟ್ ಬರೆದೆ. ಓದಿದವರು ಇಬ್ಬರೇ. ಒಬ್ಬರು ಚಿಕ್ಕಪ್ಪ, ಇನ್ನೊಬ್ಬರು ಅವರ ಕಾಟಕ್ಕೆ ಚಿಕ್ಕಮ್ಮ.

ಆಮೇಲೊಂದು ದಿನ ಗಾಜಿನಾಚೆ ನೋಡಿದೆ. ಹೊಸದಾಗಿ ಸೇರಿದ್ದ ಮೆಕ್ಯಾನಿಕ್ ಹಳೇ ಮೆಷಿನ್ನಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, ಚಕ್ರವನ್ನು ನಿಧಾನಕ್ಕೆ ತಿರುಗಿಸುತ್ತಿದ್ದ.

"ಏನ್ರೀ ಕೇಳ್ತಿದೀರ?" ಎಂದೆ.

"ಎಲ್ಲಿ ನೋವು ಅಂತ," ಎಂದ. ಅಷ್ಟೇ. ಮತ್ತೆ ಕಣ್ಣು ಮುಚ್ಚಿದ.

ಅದನ್ನೇ ಬರೆದೆ. 'ನಿಮ್ಮ ಮೆಷಿನ್ ಯಾಕೆ ಕಿರುಚುತ್ತದೆ?' ಒಂದೇ ವಾರಕ್ಕೆ ನಲವತ್ತು ಸಾವಿರ ಜನ ಓದಿದರು. ಅಂದಿನಿಂದ ನಮ್ಮದೊಂದು ಪದ್ಧತಿಯಾಯಿತು. ಮಂಗಳವಾರ ಅವನು ತಾನು ಮಾಡಿದ ರಿಪೇರಿಯ ಬಗ್ಗೆ ಒಂದು ವಾಯ್ಸ್ ನೋಟ್ ಕಳಿಸುವುದು, ಗುರುವಾರ ಬೆಳಿಗ್ಗೆ ಹತ್ತಕ್ಕೆ ನಾನು ಪೋಸ್ಟ್ ಹಾಕುವುದು. ಎದುರಿಗೆ ಅವನ ಬಾಯಿಂದ ಮಾತು ಹೊರಡಿಸುವುದು ನನ್ನಂಥ ಬಾಯಿಬಡುಕಿಗೂ ಆಗದ ಕೆಲಸ. ಮೌನಿ ಎಂದು ಹೆಸರಿಟ್ಟವಳೂ ನಾನೇ.

"ಬ್ಲಾಗ್ ಮೇಡಂ, ನಾನು ಮೂರು ಮಾತು ಹೇಳಿದ್ರೆ ನೀವು ಮುನ್ನೂರು ಮಾಡ್ತೀರ," ಎನ್ನುತ್ತಿದ್ದ.

"ನೀವು ಇನ್ನೊಂದೆರಡು ಹೇಳಿದ್ರೆ ನನಗೂ ಕಷ್ಟ ತಪ್ಪುತ್ತೆ."

ಆಗ ನಗುತ್ತಿದ್ದ. ಎಡಗಡೆಯ ತುಟಿ ಮಾತ್ರ ಮೇಲೇಳುವ ಜಿಪುಣ ನಗು. ನಾನು ಕತ್ತೆತ್ತಿದಾಗ ಅವನು ಗಾಜಿನಾಚೆಯಿಂದ ನೋಡುತ್ತಿರುತ್ತಿದ್ದ. ಸಿಕ್ಕಿಬಿದ್ದ ಕೂಡಲೇ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಭಾರೀ ಶ್ರದ್ಧೆಯಿಂದ ಒರೆಸತೊಡಗುತ್ತಿದ್ದ. ಎದುರಿಗೆ ನಾನು 'ನೀವು' ಎನ್ನುತ್ತಿದ್ದರೂ ಮನಸ್ಸಿನೊಳಗೆ ಅವನು ಎಂದೋ 'ಅವನು' ಆಗಿದ್ದ. ಇಷ್ಟಪಟ್ಟು ಎರಡು ವರ್ಷವಾಗಿತ್ತು. ಊರಿನ ವಿಷಯವೆಲ್ಲ ಮಾತಾಡುವ ನನಗೆ ಇದೊಂದನ್ನು ಹೇಳಲು ನಾಲಿಗೆ ಏಳುತ್ತಿರಲಿಲ್ಲ.

ಈಚಿನ ಎರಡು ವಾರದಿಂದ ಆ ನೋಟವೂ ನಿಂತಿತ್ತು. ತಲೆ ಬಗ್ಗಿಸಿ ಬರುತ್ತಿದ್ದ, ಹಾಗೇ ಹೋಗುತ್ತಿದ್ದ. ಕೆಲಸ ಜಾಸ್ತಿ ಇರಬೇಕು ಅಂದುಕೊಂಡೆ, ಏಕೆಂದರೆ ನಾಲ್ಕು ದಿನದಲ್ಲಿ ಹನ್ನೊಂದು ಮೆಷಿನ್ ಬಂದಿದ್ದವು. ಮೆಷಿನ್‌ಗಳು ನೇರ ಹಿಂದಿನ ಕೋಣೆಗೇ ಹೋಗುತ್ತಿದ್ದರಿಂದ ಅವಕ್ಕೆ ಏನಾಗಿತ್ತೆಂದು ನಾನು ಕೇಳಿರಲಿಲ್ಲ. "ನೋಡಿ ಚಿಕ್ಕಪ್ಪ, ಇದು ಬ್ಲಾಗ್ ಮಹಿಮೆ!" ಎಂದು ಕಾಲರ್ ಎತ್ತಿಕೊಂಡು ಓಡಾಡಿದ್ದೆ.

ಮಹಿಮೆ ಏನೆಂಬುದು ಆವತ್ತೇ ತಿಳಿಯಿತು. ಚಿಕ್ಕಪ್ಪನ ಮಾತಿನ್ನೂ ಕಿವಿಯಲ್ಲಿರುವಾಗಲೇ ಟೈಲರ್ ಅಕ್ಕ ಒಬ್ಬರು ಮೆಷಿನ್ ಹೊತ್ತು ತಂದರು. ಜೊತೆಗೊಂದು ಪುಟ್ಟ ಬಿಳಿ ಫ್ರಾಕು. ಅದರ ಎದೆಯ ಮೇಲೆ ಉದ್ದಕ್ಕೂ ಎಣ್ಣೆ ಕಲೆ.

"ನಿಮ್ಮ ಬ್ಲಾಗ್ ಓದೇ ಎಣ್ಣೆ ಹಾಕಿದ್ದು ಕಣಮ್ಮ. ದಾರ ಜಾರ್ತಿದೆ, ಬಟ್ಟೆ ಎಲ್ಲಾ ಕಲೆ. ನೀವು ಬರೆದದ್ದು ಅಂತ ಕಣ್ಮುಚ್ಚಿ ನಂಬಿದ್ನಲ್ಲ!"

ಅಯ್ಯೋ ದೇವರೇ. ಎರಡು ವಾರದ ಹಿಂದಿನ ಪೋಸ್ಟ್ ತೆಗೆದು ನೋಡಿದೆ. 'ತಿರುಗೋ ಜಾಗಕ್ಕೆಲ್ಲಾ ಒಂದೊಂದು ಹನಿ' ಎಂದಿದ್ದ ಅವನು. ನಾನು ಅಲಂಕಾರಕ್ಕೆಂದು ಜಾಗಗಳನ್ನು ಪಟ್ಟಿ ಮಾಡಿದ್ದೆ. ದಾರ ಬಿಗಿ ಮಾಡುವ ಟೆನ್ಷನ್ ತಿರುಪೂ ತಿರುಗುತ್ತದಲ್ಲ ಎಂದು ಅದನ್ನೂ ಸೇರಿಸಿದ್ದೆ! ಆ ತಿರುಪಿನ ಹಿಂದಿರುವ ಎರಡು ಬಿಲ್ಲೆಗಳ ನಡುವೆಯೇ ದಾರ ಹಾದುಹೋಗುವುದು. ಅಲ್ಲಿಗೆ ಎಣ್ಣೆ ಹಾಕಿದರೆ ಇನ್ನೇನಾಗುತ್ತದೆ?

ಅಕ್ಕನ ಕ್ಷಮೆ ಕೇಳಿ, ಪೋಸ್ಟನ್ನು ಕೂಡಲೇ ಕೆಳಗಿಳಿಸಿದೆ. ಈಗ ಎಲ್ಲ ಅರ್ಥವಾಯಿತು. ಅವನ ಹೆಸರು ನಾನು ಕೆಡಿಸಿದೆ. ಅವನು ತುಟಿ ಪಿಟಕ್ಕೆನ್ನದೆ ಹನ್ನೊಂದು ಮೆಷಿನ್ ಬಿಚ್ಚಿ ತೊಳೆದ. ನನ್ನ ಮುಖ ನೋಡಲಾಗದೆ ಹೊರಟಿದ್ದಾನೆ.

ಅವನು ಹೇಳಿದ್ದೇನೆಂದು ಮತ್ತೊಮ್ಮೆ ಕೇಳೋಣವೆಂದು ಫೋನ್ ತೆಗೆದೆ. ಆ ಮಂಗಳವಾರ ಎರಡು ವಾಯ್ಸ್ ನೋಟ್ ಇದ್ದವು. ಅದೇನೂ ಹೊಸದಲ್ಲ. ಹಿಂದಿನ ಕೋಣೆಯಲ್ಲಿ ಸಿಗ್ನಲ್ ಸರಿಯಿಲ್ಲದೆ ಅವನು ಒಂದನ್ನೇ ಎರಡು ಸಲ ಕಳಿಸುವುದು ಮಾಮೂಲು, ಒಂದನ್ನು ಕೇಳಿ ಬಿಡುವುದು ನನಗೆ ರೂಢಿ. ಆದರೆ ಈ ಸಲ ಮೊದಲನೆಯದು ಐವತ್ತು ಸೆಕೆಂಡ್, ಎರಡನೆಯದು ಎರಡು ನಿಮಿಷ. ಈ ಮನುಷ್ಯ ಎರಡು ನಿಮಿಷ ಮಾತಾಡಿದ್ದಾನೆಯೇ!

ಒತ್ತಿದೆ.

"ಬ್ಲಾಗ್ ಮೇಡಂ, ಒಂದು ಮರೆತೆ. ಟೆನ್ಷನ್ ಬಿಲ್ಲೆಗೆ ಮಾತ್ರ ಎಣ್ಣೆ ಬೇಡ. ಅದನ್ನ ದಪ್ಪ ಅಕ್ಷರದಲ್ಲಿ ಹಾಕಿ." ಸ್ಕ್ರೂಡ್ರೈವರನ್ನು ಬೆಂಚಿನ ಮೇಲಿಟ್ಟ ಸದ್ದು. "ಇನ್ನೊಂದು... ಇದು ಬ್ಲಾಗಿಗಲ್ಲ. ಎದುರಿಗೆ ಹೇಳೋಕೆ ನನಗೆ ಬರಲ್ಲ. ನೀವು ರಜಾ ಹಾಕಿದ ದಿನ ಒಂದೇ ಸ್ಕ್ರೂನ ಮೂರು ಸಲ ಬಿಚ್ತೀನಿ, ಮೂರು ಸಲ ಹಾಕ್ತೀನಿ. ನೀವಂದ್ರೆ ನನಗೆ ತುಂಬಾ ಇಷ್ಟ. ನನ್ನನ್ನ ಮದುವೆ ಆಗ್ತೀರಾ? ಇಲ್ಲ ಅನ್ನೋದಾದ್ರೆ ಏನೂ ಹೇಳ್ಬೇಡಿ. ಅರ್ಥ ಮಾಡ್ಕೋತೀನಿ, ತೊಂದ್ರೆ ಕೊಡಲ್ಲ."

ಹದಿನಾರು ದಿನದಿಂದ ನಾನು ಏನೂ ಹೇಳಿರಲಿಲ್ಲ.

ನಗು ಬಂತು, ಅದರ ಹಿಂದೆಯೇ ಅಳು ಬಂತು. ಎದೆಯ ಮೇಲಿಟ್ಟಿದ್ದ ಚಪ್ಪಡಿಯನ್ನು ಯಾರೋ ಎತ್ತಿಟ್ಟಂತೆ ಉಸಿರು ಹಗುರಾಯಿತು.

"ಏನಾಯ್ತೇ?" ಎಂದರು ಚಿಕ್ಕಪ್ಪ ಗಾಬರಿಯಿಂದ.

"ನಾನೊಬ್ಬಳು ಕತ್ತೆ, ಚಿಕ್ಕಪ್ಪ."

"ಅದು ಗೊತ್ತಿರೋದೇ. ಈಗೇನಾಯ್ತು ಹೇಳು."

ಹೇಳದೆ ಹಿಂದಿನ ಕೋಣೆಗೆ ಓಡಿದೆ. ಅವನು ಟೈಲರ್ ಅಕ್ಕನ ಮೆಷಿನ್ನಿನ ಬಿಲ್ಲೆಗಳನ್ನು ಬಟ್ಟೆಯಲ್ಲಿ ಒರೆಸುತ್ತಿದ್ದ. ತಲೆ ಎತ್ತಲಿಲ್ಲ.

"ನಿಮ್ಮ ಎರಡನೇ ವಾಯ್ಸ್ ನೋಟ್ ನಾನು ಈಗ ಕೇಳಿದೆ," ಎಂದೆ. "ಈಗ. ಐದು ನಿಮಿಷದ ಹಿಂದೆ. ಮೊದಲನೇದೇ ಮತ್ತೆ ಬಂದಿದೆ ಅಂದ್ಕೊಂಡು ಬಿಟ್ಟಿದ್ದೆ."

ಅವನ ಕೈ ನಿಂತಿತು. "ಈಗ?"

"ಹೂಂ. ಎಣ್ಣೆ ವಿಷಯ ಮೊದಲೇ ಕೇಳಿದ್ರೆ ಈ ರಾಮಾಯಣ ಆಗ್ತಿತ್ತಾ? ನನ್ನ ಮೇಲೆ ನಿಮಗೆಷ್ಟು ಕೋಪ ಬಂದಿರಬೇಡ!"

"ಕೋಪನಾ? ನಿಮ್ಮ ಮೇಲಾ?" ಕೊನೆಗೂ ನನ್ನತ್ತ ನೋಡಿದ. "ನಾನು ಆಡಿದ ಮಾತಿಗೆ ನೀವು ಗಾಬರಿಯಾಗಿ ಎಣ್ಣೆ ವಿಷಯ ಮರೆತಿರಿ ಅಂದ್ಕೊಂಡೆ. ಎಲ್ಲಾ ನನ್ನಿಂದಲೇ ಆಗಿದ್ದು ಅಂತ. ಹೇಗೆ ಮಾತೆತ್ತೋದೋ ಗೊತ್ತಾಗ್ಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ..."

"ಅಂತ ಇಷ್ಟು ಜನರ ಬಟ್ಟೆ ಹಾಳಾಗೋಕೆ ಬಿಟ್ರಾ?"

"ತಪ್ಪಾಯ್ತು," ಎಂದ ಮೆಲ್ಲಗೆ.

"ಇಬ್ಬರದ್ದೂ ತಪ್ಪೇ. ಮೊದಲು ಅದನ್ನ ಸರಿ ಮಾಡೋಣ, ಬನ್ನಿ."

ಮೂರು ವರ್ಷದಲ್ಲಿ ಮೊದಲ ಸಲ ಅವನು ಗಾಜಿನ ಈಚೆ ಬಂದು ನನ್ನ ಪಕ್ಕ ಕುಳಿತ. 'ನಾವು ತಪ್ಪು ಬರೆದೆವು' ಎಂದು ಶುರುಮಾಡಿದೆ. ಬಿಲ್ಲೆ ಒರೆಸುವುದು ಹೇಗೆಂದು ಅವನು ಹೇಳಿದ, ಎರಡೆರಡು ಸಲ ಓದಿಸಿ ಕೇಳಿದ. ಮನೆಯಲ್ಲಿ ಮಾಡಲಾಗದವರು ಮೆಷಿನ್ ತನ್ನಿ, ಸರಿ ಮಾಡಿಕೊಡುತ್ತೇವೆ ಎಂದು ಚಿಕ್ಕಪ್ಪ ಸೇರಿಸಿದರು. ಪೋಸ್ಟ್ ಹಾಕಿದ ಹತ್ತು ನಿಮಿಷಕ್ಕೆ ಟೈಲರ್ ಅಕ್ಕನ ಕಮೆಂಟ್ ಬಂತು: 'ಒಪ್ಪಿಕೊಂಡಿರಲ್ಲ, ಅಷ್ಟು ಸಾಕು. ಫ್ರಾಕಿನ ಕಲೆ ಸೋಪಿಗೆ ಹೋಯ್ತು.' ಅಬ್ಬಾ ಎಂದು ಕುರ್ಚಿಗೊರಗಿದೆ. ಪಕ್ಕದಿಂದಲೂ ಅಷ್ಟೇ ದೊಡ್ಡ ಉಸಿರು ಕೇಳಿಸಿತು.

"ಇನ್ನು ಆ ಇನ್ನೊಂದು ವಿಷಯ," ಎಂದೆ.

ಅವನ ಕಿವಿ ಕೆಂಪಾಯಿತು. "ಹೇಳಿ."

"ಆಗ್ತೀನಿ. ಎರಡು ವರ್ಷದಿಂದ ಆಗ್ತೀನಿ ಅಂತಲೇ ಕೂತಿದೀನಿ."

ಜಿಪುಣ ನಗು ಎಡಗಡೆಯಿಂದ ಹೊರಟು ಬಲಗಡೆಗೂ ಹರಡಿತು. ಅವನ ಇಡೀ ನಗುವನ್ನು ನಾನು ನೋಡಿದ್ದು ಅದೇ ಮೊದಲು.

"ಹಾಗಾದ್ರೆ ಆ ಅಂಗಡಿಯವರಿಗೆ ಫೋನ್ ಮಾಡ್ಬೇಕು," ಎಂದ. ಫೋನೆಂದರೆ ಬೆವರುವವನು ನಮ್ಮೆದುರೇ ನಂಬರ್ ಒತ್ತಿದ.

"ಸರ್, ನಾನು ಬರೋಕಾಗಲ್ಲ... ಕ್ಷಮಿಸಿ... ಕಾರಣ ಏನಂದ್ರೆ..." ನನ್ನ ಮುಖ ನೋಡಿದ. "ಮದುವೆ ಆಗ್ತಿದೀನಿ ಸರ್."

ಚಿಕ್ಕಪ್ಪ ಬೆಚ್ಚಿ ಕೌಂಟರಿನಿಂದ ಎದ್ದು ನಿಂತರು.

ಆಚೆಯವರು ಏನೋ ಕೇಳಿದರು. ಅವನು ಫೋನಿಗೆ ಅಂಗೈ ಅಡ್ಡ ಹಿಡಿದು ನನ್ನ ಕಡೆ ಬಗ್ಗಿದ.

"ಯಾವಾಗ ಅಂತ ಕೇಳ್ತಿದಾರೆ. ಏನ್ ಹೇಳ್ಲಿ?"

"ಬೇಗ ಅನ್ನಿ," ಎಂದೆ.

"ಬೇಗ ಸರ್," ಎಂದ ಅವನು, ಇಡೀ ಅಂಗಡಿಗೆ ಕೇಳುವಂತೆ.