ಟಗರಿಗೆಂದು ತಂದ ಲೇಪ

೧೯೬೮ರ ನವೆಂಬರ್ ೧೬, ಶನಿವಾರ. ಬೆಳಿಗ್ಗೆ ೯.೧೦ಕ್ಕೆ ದರಿಬಡಚಿಯ ಹಣಮವ್ವ ಜತ್ತ ಠಾಣೆಗೆ ಬಂದಳು. ಊರಾಚೆ ಕುರಿಹಿಂಡು ತಂಗಿದ್ದ ಹೊಲದಲ್ಲಿ ಗಂಡ ಲಗಮಣ್ಣನ ತಲೆ ಒಡೆದಿತ್ತು. ನಿನ್ನೆ ಸಂಜೆ ಅವನ ತಮ್ಮ ಗೊಲ್ಲಾಳಪ್ಪ ಓಡಿಬಂದು ಸುದ್ದಿ ಮುಟ್ಟಿಸಿದ್ದ. ಎಚ್ಚರವಿಲ್ಲದವನನ್ನು ಜತ್ತದ ಡಾಕ್ಟರರು ರಾತ್ರಿಯೇ ಮಿರಜಕ್ಕೆ ಕಳಿಸಿದ್ದರು.

"ಯಾರ ಮ್ಯಾಲ ಸಂಶೆ ಐತಿ ಯವ್ವಾ?" ಫೌಜದಾರ ಮುರಗೆಪ್ಪ ಕೇಳಿದರು.

"ಧೂಳಪ್ಪನ ಮ್ಯಾಲ್ರಿ. ಬಾವಿ ನೀರಿಗೆ ಜಗಳಾ ಆಡಿದ್ದ."

ಎಫ್.ಐ.ಆರ್. ದಾಖಲಾಯಿತು. ಆದರೆ ಮುರಗೆಪ್ಪನವರಿಗೆ ತಮ್ಮ ಕೈಗಡಿಯಾರದ ಮೇಲೂ ನಂಬಿಕೆ ಕಡಿಮೆ. ಮೊದಲು ಡಾಕ್ಟರರನ್ನು ಕಂಡರು.

"ಗಾಯ ನಿನ್ನಿದಲ್ಲ, ಮೊನ್ನಿದು," ಎಂದರು ಡಾಕ್ಟರು. "ಒಳಗ ರಕ್ತ ಹೆಪ್ಪುಗಟ್ಟಿ ಮೆದುಳನ್ನ ಒತ್ತೈತಿ. ಇಂಥಾ ಪೆಟ್ಟು ಬಿದ್ದವರು ಮೊದಲು ಎದ್ದು ಓಡಾಡತಾರ, ಆಮ್ಯಾಲ ಮಲಗತಾರ."

ಗಾಯದಿಂದ ತೆಗೆದ ಒಣಗಿದ ಸೊಪ್ಪಿನ ಲೇಪವನ್ನು ಪಂಚನಾಮೆ ಮಾಡಿ ವಶಕ್ಕೆ ಪಡೆದರು. ಲೇಪದ ಮೇಲೆ ಉಣ್ಣೆ ಅಂಟಿತ್ತು. ಕುರುಬರ ಮನೆಯ ಹವಾಲ್ದಾರ ವಿಠೋಬ ಅದನ್ನು ಮೂಸಿ ನೋಡಿದ.

"ಸಾಹೇಬ್ರ, ಮನಷ್ಯಾರಿಗೆ ಅರಬಿ ಪಟ್ಟಿ ಕಟ್ಟತಾರ. ಉಣ್ಣಿ ಒತ್ತೂದು ಕುರಿಗೆ. ಇದು ತಿಕೋಂಡಿ ಅಮಸಿದ್ದ ಮುತ್ಯಾನ ಔಷಧ."

ಮಧ್ಯಾಹ್ನ ೨.೩೦, ತಿಕೋಂಡಿ. ಮುದುಕ ಲೇಪವನ್ನು ಗುರುತಿಸಿದ.

"ಯಾರು ಒಯ್ದ್ರು ಮುತ್ಯಾ?"

"ಗೊಲ್ಲಾಳಪ್ಪರಿ. ಬೇಸ್ತವಾರ ಸಂಜೀಕ ಬಂದಿದ್ದ. ಟಗರಿನ ತಲಿ ಒಡದೈತಿ ಅಂದ."

"ಮನಷ್ಯಾನ ತಲಿ ಅಂದಿದ್ರ?"

"ಕೊಡತಿರಲಿಲ್ರಿ. ಸುಮ್ನ ಗಾಯ ಆದ್ರ ನನ್ನ ಸೊಪ್ಪು ಸಾಕು. ಪೆಟ್ಟಾದ ಮ್ಯಾಲ ವಾಂತಿ ಆತು, ಮಂಪರ ಬಂತು ಅಂದ್ರ ಲಗೂನ ದವಾಖಾನಿಗೆ ಒಯ್ಯಿ ಅಂತ ಹೇಳಿ ಕಳಸತೀನಿ. ಟಗರು ಅಂದಮ್ಯಾಲ ಅದನ್ನೆಲ್ಲಾ ಯಾಕ ಹೇಳಲಿ?"

ಸಂಜೆ ೫ಕ್ಕೆ ಮುರಗೆಪ್ಪ ಕುರಿಹಿಂಡಿನ ನಡುವೆ ನಿಂತಿದ್ದರು.

"ತಲಿ ಒಡದ ಟಗರು ತೋರಸು."

ಗೊಲ್ಲಾಳಪ್ಪ ಒಂದೊಂದೇ ಟಗರನ್ನು ಹಿಡಿದು ತಂದ. ಒಂದರ ತಲೆಯ ಮೇಲೂ ಗೀರಿರಲಿಲ್ಲ. ಆರನೆಯದರ ಕೊಂಬು ಹಿಡಿದವನು ಅದನ್ನು ಬಿಟ್ಟು ಮುರಗೆಪ್ಪನವರ ಕಡೆ ತಿರುಗಿದ.

"ಹಿಂಡು ಪಾಲು ಮಾಡು ಅಂದೆ. ಅವ್ವ ಇರೂತನಕ ಆಗೂದಿಲ್ಲ ಅಂದ ಅಣ್ಣ. ಸಿಟ್ಟಿನಾಗ ಕೋಲು ಬೀಸಿದ್ನಿರಿ. ಎದ್ದು ಕುಂತು ರೊಟ್ಟಿ ತಿಂದ. ಚಲೋ ಆದ ಅನಕೊಂಡೆ. ಮರುದಿನ ವಾಂತಿ ಮಾಡಿ ಮಲಗಿದಾಂವ ಏಳಲೇ ಇಲ್ಲ."

"ವಾಂತಿ ಆದಾಗರೆ ದವಾಖಾನಿಗೆ ಒಯ್ಯಾಕ ಏನಾಗಿತ್ತು?"

"ಹೆಂಗಾತು ಅಂತ ಕೇಳತಾರಲ್ರಿ..."

೫.೪೦ಕ್ಕೆ ಬಂಧನವಾಯಿತು. ಧೂಳಪ್ಪನ ಹೆಸರು ಕೇಸಿನಿಂದ ಬಿಟ್ಟುಹೋಯಿತು. ಗೊಲ್ಲಾಳಪ್ಪನಿಗೆ ಅಣ್ಣನ ಮೇಲೆ ಹಗೆ ಇರಲಿಲ್ಲ. ಒಂದು ರಾತ್ರಿ, ಒಂದು ಹಗಲು ಬದಿಯಲ್ಲೇ ಕೂತು ಲೇಪ ಬದಲಿಸಿದವನು ಅವನೇ. ಡಾಕ್ಟರ ಒಂದು ಪ್ರಶ್ನೆಗೆ ಹೆದರಿ ಅಷ್ಟು ಹೊತ್ತನ್ನು ಕಳೆದಿದ್ದ. ಇದನ್ನು ಬರೆಯುವಾಗ ಮುರಗೆಪ್ಪನವರಿಗೂ ಸಂಕಟವಾಯಿತು.

ಸೋಮವಾರ ಮಿರಜದಿಂದ ತಾರು ಬಂತು. ತಲೆಬುರುಡೆ ಕೊರೆದು ರಕ್ತ ತೆಗೆದಿದ್ದರು. ಲಗಮಣ್ಣ ಕಣ್ಣು ಬಿಟ್ಟಿದ್ದ, ಜೀವಕ್ಕೆ ಅಪಾಯವಿರಲಿಲ್ಲ.

"ಯಾರು ಹೊಡದ್ರು ಅಂತ ಅಣ್ಣ ಹೇಳಿದ್ನೇನ್ರಿ?" ಲಾಕಪ್ಪಿನೊಳಗಿಂದ ಗೊಲ್ಲಾಳಪ್ಪ ಕೇಳಿದ.

"ಅವನ ಮಾತು ಹೋಗೈತಿ."

ಗೊಲ್ಲಾಳಪ್ಪ ಗೋಡೆಗೆ ಮುಖ ಕೊಟ್ಟು ಅತ್ತ.

"ನನ್ನ ಹೆಸರು ಹೇಳಿದ್ರ ಚಲೋ ಇತ್ತಲ್ರಿ ಸಾಹೇಬ್ರ."